ಪುಟ್ಟಣ್ಣನವರ ಉತ್ಸವದಲ್ಲಿ ಪುಟ್ಟಣ್ಣನವರ ಸಿನಿಮಾ ತೋರಿಸಿ

ಜಯನಗರದ ನಮ್ಮ ಬಡಾವಣೆಯ ಉತ್ಸವ ಸಮಿತಿಯ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಮತ್ತು ಉತ್ಸವಕ್ಕೆ ಚಂದಾ ಕೊಡುವ ನೆರೆಹೊರೆಯವರೆಲ್ಲರಿಗೆ,

ಮಾನ್ಯರೇ,

ಡಿಸೆಂಬರ್ 1 ಪುಟ್ಟಣ್ಣ ಕಣಗಾಲ್ ಅವರು ಹುಟ್ಟಿದ ದಿನ. ಅದರ ನೆಪದಲ್ಲಿ ಈ ಬಾರಿಯೂ ಮೂರು ಸಂಜೆಗಳ ಕಲಾ ಉತ್ಸವ ನಡೆಸಲು ಹೊರಟಿದ್ದೀರಿ. ಕಾರ್ಯಕ್ರಮಗಳ ಕರಡು ಪಟ್ಟಿಯನ್ನು ಮನೆಮನೆಗೆ ಹಂಚಿದ್ದೀರಿ, ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ‘ಸಲಹೆಗಳಿಗೆ ಸ್ವಾಗತ’ ಎಂದೂ ಅಚ್ಚು ಹಾಕಿಸಿದ್ದೀರಿ. ಹಾಗೆ ಅಚ್ಚು ಹಾಕಿಸುವವರು ಸಲಹೆ ಬರಲೆಂದು ಬಯಸುವುದು ಅಪರೂಪ ಎಂಬುದು ಗೊತ್ತಿದ್ದೂ ನಾನು ಬರೆಯುತ್ತಿದ್ದೇನೆ. ಖಾಸಗಿಯಾಗಿ ಹೇಳಿದರೆ ‘ನೋಡೋಣ ಅಮ್ಮಾ’ ಎಂಬ ಉತ್ತರದಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಮೊದಲ ಸಂಜೆ ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಗಣ್ಯರ ಭಾಷಣ, ಸನ್ಮಾನ. ಎರಡನೆಯ ಸಂಜೆ ಪುಟ್ಟಣ್ಣನವರ ಚಿತ್ರಗಳ ಹಾಡುಗಳಿಗೆ ಮಕ್ಕಳ ನೃತ್ಯ ಸ್ಪರ್ಧೆ, ಆ ಮೇಲೆ ಬಹುಮಾನ ವಿತರಣೆ. ಮೂರನೆಯ ಸಂಜೆ ಆರ್ಕೆಸ್ಟ್ರಾ, ದಾನಿಗಳಿಗೆ ಸನ್ಮಾನ, ವಂದನಾರ್ಪಣೆ. ಮೂರನೆಯ ದಿನದ ಅಡಿಯಲ್ಲಿ, ಲಘು ಉಪಾಹಾರಕ್ಕಿಂತ ಒಂದು ಸಾಲು ಕೆಳಗೆ, ಹೀಗಿದೆ: ‘ಸಮಯಾವಕಾಶವಿದ್ದಲ್ಲಿ ಚಿತ್ರ ಪ್ರದರ್ಶನ.’

ಚಿತ್ರ ನಿರ್ದೇಶಕರೊಬ್ಬರ ಹೆಸರಿನ ಉತ್ಸವದಲ್ಲಿ ಅವರ ಚಿತ್ರಕ್ಕೆ ಸಮಯ ಉಳಿದರೆ ಉಂಟು, ಇಲ್ಲವಾದರೆ ಇಲ್ಲ!

ಹೋದ ವರ್ಷ ಸಮಯ ಒಂದಿಷ್ಟು ಉಳಿದಿತ್ತು. ‘ಗೆಜ್ಜೆಪೂಜೆ’ ಹಾಕಿದಿರಿ. 1969ರ ಈ ಕಪ್ಪು-ಬಿಳುಪು ಚಿತ್ರವನ್ನು ಲ್ಯಾಪ್‌ಟಾಪಿನಿಂದ ಶಾಮಿಯಾನದ ತುದಿಯ ಬಟ್ಟೆಯ ಮೇಲೆ ಬಿಟ್ಟಿರಿ. ಹಳೆಯ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕ. ಅದನ್ನು ಎಳೆದು ಅಗಲ ಮಾಡಿದ್ದರಿಂದ ಕಲ್ಪನಾ, ಲೀಲಾವತಿ ಇಬ್ಬರೂ ಚಪ್ಪಟೆ ಮುಖದವರಾಗಿದ್ದರು. ಬಲಗಡೆಯ ಮೂಲೆಯಲ್ಲಿ ಯಾವುದೋ ಟಿವಿ ವಾಹಿನಿಯ ಗುರುತು. ಮೌಸಿನ ಬಾಣದ ಗುರುತನ್ನು ಸರಿಸಲು ಯಾರಿಗೂ ತೋಚಲಿಲ್ಲ, ಅದು ನಾಯಕಿ ಚಂದ್ರಾಳ ಕೆನ್ನೆಯ ಮೇಲೆ ಕುಳಿತೇ ಇತ್ತು. ಶಾಮಿಯಾನದ ಟ್ಯೂಬ್‌ಲೈಟುಗಳನ್ನು ಆರಿಸಿದರೆ ಕಳ್ಳತನವಾಗುತ್ತದೆ ಎಂದು ಯಾರೋ ಹೇಳಿದರು, ಹಾಗಾಗಿ ಅವೂ ಉರಿಯುತ್ತಿದ್ದವು. ಇಷ್ಟಿದ್ದೂ ಜನ ಕುಳಿತಿದ್ದರು ಎಂಬುದನ್ನು ತಾವು ಗಮನಿಸಬೇಕು. ಮೊಬೈಲ್ ನೋಡುತ್ತಿದ್ದ ಹುಡುಗಿಯರು ಅದನ್ನು ಚೀಲಕ್ಕೆ ಹಾಕಿಕೊಂಡು ನೋಡತೊಡಗಿದ್ದರು. ನನ್ನ ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗಳಿಗೆ ಕಥೆಯನ್ನು ಮುಂಚಿತವಾಗಿ ಹೇಳಲು ಹೋಗಿ ‘ಸುಮ್ಮನಿರಿ ಅಜ್ಜಿ’ ಎಂದು ಬೈಸಿಕೊಂಡರು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ಚಿತ್ರ ನಿಂತಿತು. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಛಾಯಾಚಿತ್ರ. ಅತಿಥಿಗಳು ತಮ್ಮ ಬಾಲ್ಯವನ್ನು, ಆ ಬಳಿಕ ಬಡಾವಣೆಯ ಒಳಚರಂಡಿ ಕಾಮಗಾರಿಯನ್ನು ನೆನಪಿಸಿಕೊಂಡರು. ಅವರು ಹೊರಟ ಮೇಲೆ ನಿರೂಪಕಿ, ಸಮಯದ ಅಭಾವದಿಂದ ಚಿತ್ರವನ್ನು ಇಲ್ಲಿಗೇ ಮುಗಿಸುತ್ತಿದ್ದೇವೆ ಎಂದು ನಗುನಗುತ್ತಾ ಘೋಷಿಸಿದರು. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಗೆಜ್ಜೆಪೂಜೆ ನಡೆಯುತ್ತದೆಯೇ, ಅವಳು ಎಲ್ಲರಂತೆ ಸಂಸಾರ ಮಾಡಲು ಈ ಸಮಾಜ ಬಿಡುತ್ತದೆಯೇ ಎಂಬುದೇ ಆ ಚಿತ್ರದ ಪ್ರಾಣ. ಅದನ್ನು ತಿಳಿಯದೆಯೇ ಜನ ಉಪ್ಪಿಟ್ಟು ತಿಂದು ಮನೆಗೆ ಹೋದರು. ಮೊಮ್ಮಗಳಿಗೆ ಅಜ್ಜಿಯೇ ಕೊನೆಯನ್ನು ಹೇಳಿರಬೇಕು.

ಹಾಡುಗಳನ್ನಾದರೂ ಹಾಡಿಸುತ್ತೇವಲ್ಲ ಎಂದು ತಾವು ಹೇಳಬಹುದು. ನಿಜ, ಪುಟ್ಟಣ್ಣನವರ ಚಿತ್ರಗಳ ಹಾಡುಗಳು ಇಂದಿಗೂ ಎಲ್ಲರ ಬಾಯಲ್ಲಿವೆ. ನಿಮ್ಮ ಆರ್ಕೆಸ್ಟ್ರಾದ ಹುಡುಗರು ಅವನ್ನು ಶ್ರುತಿಬದ್ಧವಾಗಿಯೇ ಹಾಡುತ್ತಾರೆ. ಆದರೆ ಈ ನಿರ್ದೇಶಕರಿಗೆ ಹಾಡು ಕಥೆಯಿಂದ ಬೇರೆಯಾದ ಅಲಂಕಾರವಾಗಿರಲಿಲ್ಲ. ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯ ಪ್ರೇಮದ ಹಾಡನ್ನು ಪೂರ್ತಿಯಾಗಿ ನಿಧಾನಗತಿಯಲ್ಲಿ ಚಿತ್ರೀಕರಿಸಿದರು. ಛಾಯಾಗ್ರಾಹಕ ಚಿಟ್ಟಿಬಾಬು. ಕೋಪಿಷ್ಠ ಹುಡುಗ, ಮಾತು ಮುಗಿಯುವ ಮೊದಲೇ ಕೈ ಎತ್ತುವವನು, ಪ್ರೀತಿಸುವಾಗ ಮಾತ್ರ ಅವನ ಕಾಲವೇ ನಿಧಾನವಾಗುತ್ತದೆ. ಅದು ಕ್ಯಾಮೆರಾ ಹೇಳುವ ಮಾತು. ಕೀಬೋರ್ಡಿನಲ್ಲಿ ಅದನ್ನು ನುಡಿಸಲಾಗದು. ಅದೇ ಚಿತ್ರದಲ್ಲಿ ಒನಕೆ ಓಬವ್ವನ ಕಥೆ ಹಾಡಾಗಿ ಬರುತ್ತದೆ, ಓಬವ್ವನಾಗಿ ಜಯಂತಿ ನಟಿಸಿದ್ದಾರೆ. ಚಿತ್ರದುರ್ಗದ ಬಂಡೆಗಳಿಲ್ಲದೆ, ಆ ಕಿಂಡಿಯ ಬಳಿ ಜಯಂತಿಯವರ ಕಣ್ಣುಗಳಿಲ್ಲದೆ ಆ ಹಾಡನ್ನು ಕೇಳಿದವರು ಅರ್ಧ ಹಾಡನ್ನಷ್ಟೇ ಕೇಳಿದಂತೆ. ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಅವರು ಬಳಸಿದರು. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಕವಿತೆ ಅದೇ ಬೆಳಗಿನ ಬೆಳಕಿನೊಡನೆ ಎದುರಿಗೆ ಬಂದಾಗ ಆಗುವುದನ್ನು ಮಕ್ಕಳು ಒಮ್ಮೆ ಅನುಭವಿಸಲಿ. ಆ ಮೇಲೆ ನೃತ್ಯ ಸ್ಪರ್ಧೆ ಮಾಡಿ, ಯಾರು ಬೇಡ ಎಂದರು?

ಇನ್ನೊಂದು ವಿಷಯ ನನಗೆ ಹತ್ತಿರವಾದದ್ದು. ನಾನು ಪುಟ್ಟಣ್ಣನವರನ್ನು ತಲುಪಿದ್ದು ಪುಸ್ತಕಗಳ ಮೂಲಕ. ದಿನಬಾಡಿಗೆಯ ಲೈಬ್ರರಿಯಿಂದ ಕಾದಂಬರಿ ತಂದು, ಅಡುಗೆಮನೆಯ ಕೆಲಸ ಮುಗಿಸಿ, ದೀಪ ಆರಿಸು ಎಂಬ ಗದರಿಕೆಯ ನಡುವೆ ಓದಿ ಮುಗಿಸುತ್ತಿದ್ದ ಹೆಂಗಸರ ಪೀಳಿಗೆ ನಮ್ಮದು. ನಮ್ಮ ಕೈಯಲ್ಲಿದ್ದ ಆ ಪುಸ್ತಕಗಳನ್ನು ಗಂಭೀರವಾಗಿ ತೆಗೆದುಕೊಂಡ ನಿರ್ದೇಶಕ ಅವರು. ತ್ರಿವೇಣಿಯವರಿಂದ ‘ಬೆಳ್ಳಿಮೋಡ’, ‘ಶರಪಂಜರ’; ಎಂ.ಕೆ. ಇಂದಿರಾ ಅವರಿಂದ ‘ಗೆಜ್ಜೆಪೂಜೆ’, ವಾಣಿಯವರಿಂದ ‘ಶುಭಮಂಗಳ’, ಅನುಪಮಾ ನಿರಂಜನ ಅವರಿಂದ ‘ಋಣಮುಕ್ತಳು’. ಭಾರತೀಸುತ, ತ.ರಾ.ಸು., ಅಶ್ವತ್ಥ, ಬಿ.ಜಿ.ಎಲ್. ಸ್ವಾಮಿ ಅವರ ಕೃತಿಗಳನ್ನೂ ತೆರೆಗೆ ತಂದರು. 1976ರ ‘ಕಥಾಸಂಗಮ’ದಲ್ಲಿ ಕನ್ನಡದ ಮೂರು ಸಣ್ಣಕಥೆಗಳನ್ನು ಒಂದೇ ಚಿತ್ರದಲ್ಲಿ ಪೋಣಿಸಿದರು. ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಪಳಗಿ, ಮೊದಲು ಮಲಯಾಳದಲ್ಲಿ ಚಿತ್ರ ನಿರ್ದೇಶಿಸಿ, 1967ರಲ್ಲಿ ‘ಬೆಳ್ಳಿಮೋಡ’ದ ಮೂಲಕ ಕನ್ನಡಕ್ಕೆ ಬಂದವರು, 1985ರ ಜೂನ್ 5ರಂದು ತೀರಿಕೊಳ್ಳುವವರೆಗೂ ಕೈಯಲ್ಲಿ ಒಂದಲ್ಲ ಒಂದು ಕನ್ನಡ ಪುಸ್ತಕ ಹಿಡಿದೇ ಇದ್ದರು ಎನ್ನಬಹುದು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ. ತಮ್ಮ ‘ಬೆಳ್ಳಿಮೋಡ’ದ ಇಂದಿರಾ, ತಮ್ಮ ‘ಶರಪಂಜರ’ದ ಕಾವೇರಿ ಕಲ್ಪನಾ ಅವರ ಮುಖದಲ್ಲಿ ಮೂಡಿದ್ದನ್ನು ಆಕೆ ನೋಡಲೇ ಇಲ್ಲ. ನಿಮ್ಮ ಪಟ್ಟಿಯಲ್ಲಿ ಈ ಲೇಖಕಿಯರ ಪೈಕಿ ಒಬ್ಬರ ಹೆಸರೂ ಇಲ್ಲ. ಪಟ್ಟಿಯ ಹಿಂಬದಿಯಲ್ಲಿ ದಾನಿಗಳ ಹೆಸರು, ಅವರ ಮಳಿಗೆಗಳ ವಿಳಾಸ ಸಹಿತ, ಎರಡು ಅಂಕಣಗಳಲ್ಲಿದೆ.

ಹೊಗಳಿಕೆಯ ಮಾತಿಗೆ ಬರುತ್ತೇನೆ. ಪುಟ್ಟಣ್ಣನವರನ್ನು ‘ಚಿತ್ರಬ್ರಹ್ಮ’ ಎಂದು ಕರೆದು ಕೈಮುಗಿದರೆ ನಮ್ಮ ಕೆಲಸ ಸುಲಭವಾಗುತ್ತದೆ, ಬ್ರಹ್ಮನ ಜೊತೆ ಯಾರೂ ವಾದಕ್ಕಿಳಿಯುವುದಿಲ್ಲ. ಆದರೆ ಅವರ ಚಿತ್ರಗಳು ಬಂದ ಕಾಲದಲ್ಲಿ ಜನ ವಾದಕ್ಕಿಳಿದಿದ್ದರು. ಸ್ವತಃ ಕಾದಂಬರಿಕಾರ ತ.ರಾ.ಸು. ಅವರಿಗೇ 1972ರ ‘ನಾಗರಹಾವು’ ಹಿಡಿಸಲಿಲ್ಲ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ಹೇಳಿದ ಮಾತು ಕನ್ನಡ ಸಿನಿಮಾ ಬಲ್ಲವರಿಗೆಲ್ಲ ಗೊತ್ತು. ಅವರ ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ಇಳಿಸಿದಾಗ ಲೇಖಕನಿಗೆ ನೋವಾಗದಿರುತ್ತದೆಯೇ? ಆದರೂ ಮುಂದೆ ಅದೇ ತ.ರಾ.ಸು. ಅವರ ‘ಮಸಣದ ಹೂವು’ ಕಾದಂಬರಿಯನ್ನು ಪುಟ್ಟಣ್ಣ ಕೈಗೆತ್ತಿಕೊಂಡರು. ಅದನ್ನು ಮುಗಿಸುವ ಮೊದಲೇ ಅವರು ಹೋದರು, ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. ಜಗಳವೂ ಇತ್ತು, ಕೊಡುಕೊಳ್ಳುವಿಕೆಯೂ ಇತ್ತು. ನಮಗೆ ಈಗ ಎರಡೂ ಬೇಡವಾಗಿ ಶಾಲು ಮಾತ್ರ ಸಾಕಾಗಿದೆ.

ನನ್ನದೇ ತಕರಾರುಗಳಿವೆ. ‘ಶರಪಂಜರ’ದ ಕಾವೇರಿಗೆ ಬಾಣಂತನದಲ್ಲಿ ಬಂದ ಮನೋರೋಗ ವಾಸಿಯಾಗುತ್ತದೆ. ವಾಸಿಯಾಗದಿರುವುದು ಅವಳ ಸುತ್ತಲಿನವರ ನೋಟ. ಅವಳು ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದರೂ ಅನುಮಾನ, ನಕ್ಕರೂ ಅನುಮಾನ. ಗಂಡ ಬೇರೆ ದಾರಿ ಹಿಡಿಯುತ್ತಾನೆ, ಅವಳು ಮತ್ತೆ ಆಸ್ಪತ್ರೆ ಸೇರುತ್ತಾಳೆ. 1971ರಲ್ಲಿ ಇದನ್ನು ಇಷ್ಟು ನೇರವಾಗಿ ತೋರಿಸಿದ್ದಕ್ಕೆ ನಾನು ಎದ್ದು ನಿಂತು ನಮಸ್ಕರಿಸುತ್ತೇನೆ. ಆದರೆ ಪುಟ್ಟಣ್ಣನವರ ಹೆಣ್ಣುಗಳು ಆಸೆಪಟ್ಟಾಗಲೆಲ್ಲ, ತಲೆಯೆತ್ತಿದಾಗಲೆಲ್ಲ ಕೊನೆಯ ರೀಲಿನಲ್ಲಿ ಬೆಲೆ ತೆರುತ್ತಾರಲ್ಲ, ಅದೇಕೆ? ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಗೆ ಕೊಟ್ಟ ಅಂತ್ಯ ನ್ಯಾಯವೇ? ಸಮಾಜದ ಕ್ರೌರ್ಯವನ್ನು ತೋರಿಸುತ್ತಿದ್ದಾರೆಯೇ, ಅಥವಾ ಸಮಾಜಕ್ಕೆ ಹೆದರಿ ತಾವೇ ಶಿಕ್ಷೆ ಕೊಡುತ್ತಿದ್ದಾರೆಯೇ? ಇದಕ್ಕೆ ಎದುರಾಗಿ ಇರುವ ಚಿತ್ರ ‘ಬೆಳ್ಳಿಮೋಡ’. ಆಸ್ತಿ ಕೈತಪ್ಪಿತೆಂದು ಬಿಟ್ಟುಹೋದ ಗಂಡು ಬುದ್ಧಿ ಬಂದು ಮರಳಿದಾಗ ಇಂದಿರಾ ಅವನನ್ನು ಬೇಡವೆನ್ನುತ್ತಾಳೆ. ಅಳುತ್ತಾ ಅಲ್ಲ, ಕೂಗಾಡುತ್ತಾ ಅಲ್ಲ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಮಾತನಾಡಲು ನನಗೆ ಆಸೆ. ನಮ್ಮ ಬಡಾವಣೆಯ ಪೇಯಿಂಗ್ ಗೆಸ್ಟ್ ಮನೆಗಳಲ್ಲಿರುವ, ಹಾಸನ, ಶಿವಮೊಗ್ಗ, ಕಲಬುರಗಿಯಿಂದ ಕೆಲಸಕ್ಕೆ ಬಂದ ಹುಡುಗಿಯರು ಇಂದಿರಾಳನ್ನು ನೋಡಿ ಏನೆನ್ನುತ್ತಾರೆ? ಕಾವೇರಿಯನ್ನು ನೋಡಿ? ನನ್ನ ವಯಸ್ಸಿನವರು ಸಿಟ್ಟಾಗುವಂಥದ್ದನ್ನೇ ಹೇಳಬಹುದು. ಹೇಳಲಿ. ಒಂದು ಸಂಜೆಯ ಗಣ್ಯರ ಭಾಷಣವನ್ನು ತೆಗೆದು ಆ ಜಾಗದಲ್ಲಿ ಇವರಿಗೆ ಮೈಕು ಕೊಡಿ.

ಈಗ ಕೆಲಸದ ಮಾತು. ಚಿತ್ರ ತೋರಿಸಬೇಕು ಎಂದು ಹೇಳುವುದು ಸುಲಭ, ಒಳ್ಳೆಯ ಪ್ರತಿ ಎಲ್ಲಿಂದ ತರುವುದು ಎಂದು ತಾವು ಕೇಳುತ್ತೀರಿ. ಕೇಳಬೇಕಾದ ಪ್ರಶ್ನೆಯೇ. ಆ ಕಾಲದ ಕನ್ನಡ ಚಿತ್ರಗಳ ಸಂಸ್ಕರಣೆ ಬಹುತೇಕ ಮದರಾಸಿನ ಲ್ಯಾಬುಗಳಲ್ಲಿ ನಡೆಯುತ್ತಿತ್ತು, ನೆಗೆಟಿವ್ ಡಬ್ಬಿಗಳೂ ಅಲ್ಲಿಯೇ ಉಳಿಯುತ್ತಿದ್ದವು. ಅಸಿಟೇಟ್ ಫಿಲ್ಮಿಗೆ ಸೆಕೆ ಮತ್ತು ತೇವ ಎರಡೂ ಶತ್ರುಗಳು. ಅದು ಕೆಡುವಾಗ ಅಸಿಟಿಕ್ ಆಮ್ಲ ಹೊರಬರುತ್ತದೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ. ಫಿಲ್ಮು ಕುಗ್ಗಿ ಸುರುಟಿಕೊಳ್ಳುತ್ತದೆ, ಒಂದು ಡಬ್ಬಿಯ ಕೇಡು ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಒಮ್ಮೆ ಶುರುವಾದರೆ ಹಿಂದಕ್ಕೆ ತರಲಾಗದು, ತಂಪಾದ ಒಣ ಕೋಣೆಯಲ್ಲಿಟ್ಟು ವೇಗ ತಗ್ಗಿಸಬಹುದು, ಅಷ್ಟರೊಳಗೆ ಸ್ಕ್ಯಾನ್ ಮಾಡಿಕೊಳ್ಳಬಹುದು. ‘ನಾಗರಹಾವು’ ಅದೃಷ್ಟಶಾಲಿ. 2018ರಲ್ಲಿ ನಿರ್ಮಾಪಕರ ಕುಟುಂಬ ಅದನ್ನು ಡಿಜಿಟಲ್ ರೂಪಕ್ಕೆ ತಂದು ಚಿತ್ರಮಂದಿರಗಳಲ್ಲಿ ಮರುಬಿಡುಗಡೆ ಮಾಡಿತು, ಜನ ಟಿಕೆಟ್ ಕೊಂಡು ಹೋಗಿ ನೋಡಿದರು. ಹಳೆಯ ಸಿನಿಮಾಕ್ಕೆ ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಅದೇ ಉತ್ತರ.

ಆದ್ದರಿಂದ ಮೊದಲು ಮಾಡಬೇಕಾದದ್ದು ನಿರ್ಮಾಪಕರ ಕುಟುಂಬಗಳಿಗೆ, ಹಕ್ಕು ಕೊಂಡಿರುವ ಸಂಸ್ಥೆಗಳಿಗೆ ಪತ್ರ ಬರೆಯುವುದು. ಸಮಿತಿಯ ಲೆಟರ್‌ಹೆಡ್ ದಾನಿಗಳಿಗೆ ಮಾತ್ರ ಮೀಸಲಾಗಿರಬೇಕಿಲ್ಲ. ಎರಡನೆಯದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆದು ಪುಟ್ಟಣ್ಣನವರ ಯಾವ ಚಿತ್ರಗಳು, ಯಾವ ಸ್ಥಿತಿಯಲ್ಲಿವೆ, ಪ್ರದರ್ಶನಕ್ಕೆ ಸಿಗುತ್ತವೆಯೇ ಎಂದು ಕೇಳುವುದು. ಬನಶಂಕರಿಯಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ ಇದೆ, 1971ರಿಂದ ಸಿನಿಮಾ ತೋರಿಸುತ್ತಾ ಬಂದವರು. ಪ್ರದರ್ಶನದ ಕೆಲಸ ಬಲ್ಲ ಅಂಥವರನ್ನು ಕೇಳಿದರೆ ಬಟ್ಟೆ ಯಾವುದು, ಪರದೆ ಯಾವುದು ಎಂಬ ವ್ಯತ್ಯಾಸವಾದರೂ ತಿಳಿಯುತ್ತದೆ. ಅನುಮತಿ ಇಲ್ಲದೆ ಅಂತರಜಾಲದಿಂದ ಇಳಿಸಿಕೊಂಡು ಹಾಕುವುದನ್ನು ದಯವಿಟ್ಟು ಬಿಡಿ. ಅದು ಕಾನೂನಿಗೂ ಸಲ್ಲದು, ಕಣ್ಣಿಗೂ ಸಲ್ಲದು.

ಕಾನೂನಿನ ಮಾತು ಬಂದದ್ದರಿಂದ ಒಂದು ಲೆಕ್ಕ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಅದು ಬಿಡುಗಡೆಯಾದ ಮರುವರ್ಷದಿಂದ 60 ವರ್ಷಗಳವರೆಗೆ. 1967ರ ‘ಬೆಳ್ಳಿಮೋಡ’, ಚಿತ್ರದ ಮಟ್ಟಿಗೆ, 2027ರ ಡಿಸೆಂಬರ್ ಕೊನೆಯವರೆಗೆ ಹಕ್ಕಿನಲ್ಲಿರುತ್ತದೆ. ಹಕ್ಕು ಮುಗಿದ ಮಾತ್ರಕ್ಕೆ ಒಳ್ಳೆಯ ಪ್ರತಿ ಆಕಾಶದಿಂದ ಬೀಳುವುದಿಲ್ಲ. ಸಾರ್ವಜನಿಕರ ಸ್ವತ್ತಾಗುವ ಹೊತ್ತಿಗೆ ಸಾರ್ವಜನಿಕರು ನೋಡುವ ಸ್ಥಿತಿಯಲ್ಲಿ ಅದು ಇರಬೇಕಾದರೆ ಈಗಲೇ ಓಡಾಡಬೇಕು. ಲೇಖಕರ ವಿಷಯದಲ್ಲಿ ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಹಾಗಾಗಿ ತ್ರಿವೇಣಿಯವರ ಜೀವಿತಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರಿಂದಲೇ ಎಲ್ಲರವೂ ಆಗಿವೆ. ಚಿತ್ರಕ್ಕೆ ಮೊದಲು ಅರ್ಧ ಗಂಟೆ ಯಾರಾದರೂ ‘ಬೆಳ್ಳಿಮೋಡ’ದ ಪುಟಗಳನ್ನು ಗಟ್ಟಿಯಾಗಿ ಓದಿದರೆ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಖರ್ಚೂ ಇಲ್ಲ. ನಮ್ಮ ಬೀದಿಯಲ್ಲೇ ಆಕಾಶವಾಣಿಯ ನಾಟಕಗಳಲ್ಲಿ ದನಿ ಕೊಟ್ಟವರೊಬ್ಬರಿದ್ದಾರೆ. ಅವರನ್ನು ಪ್ರತಿ ವರ್ಷ ಪ್ರಾರ್ಥನೆ ಹಾಡಲು ಮಾತ್ರ ಕರೆಯುತ್ತೀರಿ.

ಇಲಾಖೆಯವರೂ ಇದನ್ನು ಓದಿದರೆ ಒಳ್ಳೆಯದು, ನಿಮ್ಮ ಪಟ್ಟಿಯಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಕೋರಿರುವ ಪ್ರಸ್ತಾಪವಿದೆ. ರಾಜ್ಯ ಸರ್ಕಾರ ನಿರ್ದೇಶಕರಿಗೆ ಪುಟ್ಟಣ್ಣ ಕಣಗಾಲ್ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾ ಬಂದಿದೆ. ಬಡಾವಣೆಯ ಸಂಘವೊಂದು, ಹಳ್ಳಿಯ ಶಾಲೆಯೊಂದು ಪುಟ್ಟಣ್ಣನವರ ಚಿತ್ರ ತೋರಿಸಬೇಕೆಂದರೆ ಹಕ್ಕಿನ ಗೋಜಲಿಲ್ಲದೆ, ನ್ಯಾಯವಾದ ಶುಲ್ಕಕ್ಕೆ ಒಳ್ಳೆಯ ಪ್ರತಿ ಸಿಗುವ ವ್ಯವಸ್ಥೆಯನ್ನೂ ಅದೇ ಸರ್ಕಾರ ಮಾಡಬಹುದಲ್ಲವೇ? 2033ಕ್ಕೆ ಅವರ ಜನ್ಮಶತಮಾನೋತ್ಸವ. ಆಗ ವಿಧಾನಸೌಧದ ಮೆಟ್ಟಿಲುಗಳ ಮೇಲೆ ದೀಪಾಲಂಕಾರ ಮಾಡಿ, ತೋರಿಸಲು ಚಿತ್ರ ಹುಡುಕುವ ಸ್ಥಿತಿ ಬರಬಾರದು.

ನಮ್ಮ ಜಯನಗರಕ್ಕೂ ಪುಟ್ಟಣ್ಣನವರ ಹೆಸರಿಗೂ ಒಂದು ಹಳೆಯ ಬಾಕಿ ಇದೆ. ನಾಲ್ಕನೆಯ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಬಳಿ ಅವರ ಹೆಸರಿನ ಚಿತ್ರಮಂದಿರವಿತ್ತು. ಕೆಡವಿದರು. ಅತ್ತ ಗಾಂಧಿನಗರದ ಆಸುಪಾಸಿನಲ್ಲಿ ಸಾಗರ್, ಕಪಾಲಿ ಚಿತ್ರಮಂದಿರಗಳು ಹೋದವು, ಮೆಜೆಸ್ಟಿಕ್ ಹೋಗಿ ಸುತ್ತಲಿನ ಪ್ರದೇಶಕ್ಕೆ ಹೆಸರು ಮಾತ್ರ ಉಳಿಯಿತು. ಇದಕ್ಕೆ ನೀವು ಹೊಣೆಗಾರರಲ್ಲ. ಆದರೆ ಚಿತ್ರಮಂದಿರ ಇಲ್ಲವಾದ ಬಡಾವಣೆಯಲ್ಲಿ ವರ್ಷಕ್ಕೆ ಮೂರು ಸಂಜೆ ಕತ್ತಲು ಮಾಡಿ ಸಿನಿಮಾ ತೋರಿಸುವ ಜಾಗವಾಗಿ ಈ ಉತ್ಸವ ಬೆಳೆಯಬಹುದಿತ್ತು. ಈಗಿನ ಪಟ್ಟಿಯಲ್ಲಿ ಅದು ಇನ್ನೊಂದು ರಾಜ್ಯೋತ್ಸವವಾಗಿದೆ, ಒಂದು ತಿಂಗಳು ತಡವಾಗಿ. ನವೆಂಬರ್ ತುಂಬಾ ಬೀದಿಬೀದಿಯಲ್ಲಿ ಆರ್ಕೆಸ್ಟ್ರಾ ಕೇಳಿ ನಮಗೆ ಸಾಕಾಗಿರುತ್ತದೆ ಎಂಬುದನ್ನು, ಕೋಪಿಸಿಕೊಳ್ಳದೆ, ಪರಿಗಣಿಸಬೇಕು.

ಖರ್ಚಿನ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ. ಶಾಲುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ಸಭಾಭವನದ ಬಾಡಿಗೆ ಹುಟ್ಟುತ್ತದೆ, ಆರ್ಕೆಸ್ಟ್ರಾ ಬಿಟ್ಟರೆ ಒಳ್ಳೆಯ ಪ್ರೊಜೆಕ್ಟರ್ ಮತ್ತು ಧ್ವನಿವ್ಯವಸ್ಥೆಗೆ ಸಾಲುತ್ತದೆ ಎಂದು ನಮ್ಮ ಬ್ಯಾಂಕಿನ ನಿವೃತ್ತ ಮಿತ್ರರೊಬ್ಬರು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಖಜಾಂಚಿಗಳಿಗೆ ಬೇಕಿದ್ದರೆ ಆ ಹಾಳೆಯನ್ನು ತಲುಪಿಸುತ್ತೇನೆ. ಸನ್ಮಾನ ಮಾಡಲೇಬೇಕು ಎಂದಿದ್ದರೆ, ಆ ಚಿತ್ರಗಳ ಸೆಟ್ಟುಗಳಲ್ಲಿ ಲೈಟು ಹಿಡಿದವರು, ಮೇಕಪ್ ಮಾಡಿದವರು, ಪೋಸ್ಟರ್ ಬರೆದವರು, ಪ್ರೊಜೆಕ್ಟರ್ ಓಡಿಸಿದವರು ಈ ಊರಿನಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಹುಡುಕಿ ಮಾಡಿ. ಶಾಲಿನ ಜೊತೆ ಒಂದಿಷ್ಟು ಹಣವನ್ನೂ ಕೊಡಿ. ಮಾತನಾಡಲು ಅವರಿಗೆ ಅವಕಾಶ ಕೊಡಿ.

ನನ್ನ ಕೋರಿಕೆ ಇಷ್ಟು. ಮೊದಲ ಸಂಜೆ ‘ಬೆಳ್ಳಿಮೋಡ’. ಎರಡನೆಯ ಸಂಜೆ ‘ಕಥಾಸಂಗಮ’, ಅದು ಮೂರು ಬಿಡಿ ಕಥೆಗಳಾದ್ದರಿಂದ ಶಾಲಾ ಮಕ್ಕಳಿಗೂ ಆಯಾಸವಾಗದು. ಮೂರನೆಯ ಸಂಜೆ ‘ಗೆಜ್ಜೆಪೂಜೆ’, ಈ ಬಾರಿ ಕೊನೆಯವರೆಗೆ. ಅನುಮತಿ ಸಿಗದಿದ್ದರೆ ಮೂರರ ಬದಲು ಒಂದನ್ನೇ ತೋರಿಸಿ, ಪೂರ್ತಿಯಾಗಿ ತೋರಿಸಿ. ದೀಪ ಆರಿಸಿ. ಚೌಕಟ್ಟನ್ನು ಎಳೆಯಬೇಡಿ. ಮುಖ್ಯ ಅತಿಥಿಗಳು ತಡವಾಗಿ ಬಂದರೆ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿ. ಅವರಿಗೂ ಸಿನಿಮಾ ಇಷ್ಟವಾಗಬಹುದು.

ನಿರ್ಮಾಪಕರ ಕುಟುಂಬಗಳಿಗೆ, ಸಂಗ್ರಹಾಲಯಕ್ಕೆ ಬರೆಯಬೇಕಾದ ಪತ್ರಗಳ ಕರಡನ್ನು ನಾನು ಸಿದ್ಧಪಡಿಸಿಟ್ಟಿದ್ದೇನೆ. ಅಧ್ಯಕ್ಷರ ಸಹಿ ಮತ್ತು ಸಮಿತಿಯ ಮೊಹರು ಬಿದ್ದರೆ ಅಂಚೆಗೆ ಹಾಕುವುದು ನನ್ನ ಜವಾಬ್ದಾರಿ. ಮುಂದಿನ ಸಮಿತಿ ಸಭೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ತಿಳಿಸಿದರೆ ಕಡತದೊಂದಿಗೆ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಜಯನಗರದ ಒಬ್ಬ ನಿವಾಸಿ, ಪ್ರತಿ ವರ್ಷ ಚಂದಾ ಕೊಡುವವಳು